ತೊಳೆದು ತೆಗೆದ ಮುಖ

ಫೋಟೋ ನುಣ್ಣಗೆ ಬಂದಿದ್ದರೆ ಅದು ಸ್ಪಷ್ಟವಾಗಿಯೂ ಬಂದಿದೆ ಎಂದು ನಾವು ತಿಳಿಯುತ್ತೇವೆ. ರೀಲನ್ನು ಮನೆಯಲ್ಲೇ ತೊಳೆದು ನೋಡಿದವರಿಗೆ ಗೊತ್ತು, ಇವೆರಡೂ ಒಂದೇ ಅಲ್ಲ. ಎಷ್ಟೋ ಸಲ ಒಂದನ್ನು ಬಿಟ್ಟುಕೊಟ್ಟೇ ಇನ್ನೊಂದನ್ನು ಪಡೆಯಬೇಕು. ಕಪ್ಪು-ಬಿಳುಪು ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳುಗಳಿರುತ್ತವೆ. ಬೆಳಕು ತಾಗಿದ ಹರಳು ಡೆವಲಪರಿನಲ್ಲಿ ಕಪ್ಪು ಬೆಳ್ಳಿಯಾಗುತ್ತದೆ. ಮಂದ ಬೆಳಕಿನಲ್ಲೂ ಚಿತ್ರ ಹಿಡಿಯುವ ವೇಗದ ಫಿಲ್ಮಿನ ಹರಳು ಬನ್ಸಿ ರವೆಯ ಹಾಗೆ ದಪ್ಪ. ನಿಧಾನದ ಫಿಲ್ಮಿನದು ಚಿರೋಟಿ ರವೆ. ಫೋಟೋ ದೊಡ್ಡದು ಮಾಡಿದಾಗ ಮುಖದ ಮೇಲೆ ಮರಳು ಎರಚಿದಂತೆ ಕಾಣುವುದು ಈ ರವೆಯೇ. ಫೋಟೋದವರು ಇದನ್ನು ಗ್ರೇನ್ ಎನ್ನುತ್ತಾರೆ. ಶಾರ್ಪ್ ಎನ್ನುವುದು ಬೇರೆ. ರೆಪ್ಪೆ ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಯಿತು ಎಂಬ ಅಂಚು ಎಷ್ಟು ಖಚಿತವಾಗಿದೆ ಎನ್ನುವುದು ಅದು.

1980ರ ದಶಕದಲ್ಲಿ ಬಳ್ಳಾರಿಯ ನಮ್ಮ ಮನೆಯ ಬಚ್ಚಲೇ ನಮ್ಮಣ್ಣನ ಡಾರ್ಕ್ ರೂಮ್. ಕಿಟಕಿಗೆ ಕರಿ ಕಂಬಳಿ, ಹಂಡೆಯ ಮೇಲೆ ಹಲಗೆ, ಹಲಗೆಯ ಮೇಲೆ ಬಾಟಲಿಗಳು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮನ್ನು ಅವನು ಹೆಚ್ಚಾಗಿ ಬಳಸುತ್ತಿದ್ದ; ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಡೆವಲಪರ್ ಮಾತ್ರ ಡಿ-76. ಕೊಡಕ್ ಕಂಪನಿ 1920ರ ದಶಕದಲ್ಲಿ ಸಿನಿಮಾ ಫಿಲ್ಮಿಗೆಂದು ರೂಪಿಸಿದ್ದು ಇದು. ಒಂದು ಲೀಟರ್ ನೀರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಬೊರಾಕ್ಸ್ ಎಂದರೆ ಅಕ್ಕಸಾಲಿಗರ ಬಿಳಿಗಾರವೇ. ದ್ರಾವಣ 20 ಡಿಗ್ರಿ ಇರಬೇಕು. ಮೇ ತಿಂಗಳ ಬಳ್ಳಾರಿಯಲ್ಲಿ 20 ಡಿಗ್ರಿ! ನಲ್ಲಿಯ ನೀರೇ ಸ್ನಾನಕ್ಕೆ ಕಾಯಿಸಿದಂತೆ ಬರುವ ಊರು ನಮ್ಮದು. ಬಕೆಟ್ಟಿನಲ್ಲಿ ಐಸ್ ಹಾಕಿ, ಬಾಟಲಿ ಮುಳುಗಿಸಿ, ರಾತ್ರಿ ಹತ್ತರ ಮೇಲೆ ಕೆಲಸ ಶುರು. ಡೆವಲಪರ್ ತಣ್ಣಗಿದ್ದು ಆಮೇಲಿನ ಹೈಪೋ, ತೊಳೆಯುವ ನೀರು ಬಿಸಿಯಿದ್ದರೆ ಫಿಲ್ಮಿನ ಮೇಲಿನ ಜೆಲಟಿನ್ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ರವೆ ಇನ್ನೂ ದಪ್ಪವಾಗಿ ಕಾಣುತ್ತದೆ. ಗಡಿಯಾರ ಹಿಡಿದು ನಿಮಿಷ ಕೂಗುವುದು ಹೈಸ್ಕೂಲಿನಲ್ಲಿದ್ದ ನನ್ನ ಕೆಲಸ.

ಆ 100 ಗ್ರಾಂ ಸಲ್ಫೈಟ್ ಇದೆಯಲ್ಲ, ಕಥೆಯೆಲ್ಲ ಅದರಲ್ಲಿದೆ. ಅದು ಹರಳಿನ ಅಂಚನ್ನು ಅಷ್ಟಷ್ಟೇ ಕರಗಿಸುತ್ತದೆ. ಅದಕ್ಕೇ ರವೆ ನುಣ್ಣಗಾಗುವುದು, ಅದಕ್ಕೇ ಚಿತ್ರದ ಅಂಚೂ ಸ್ವಲ್ಪ ಮೆತ್ತಗಾಗುವುದು. ಅದೇ ದ್ರಾವಣಕ್ಕೆ ಸಮ ನೀರು ಬೆರೆಸಿ, ಹೆಚ್ಚು ಹೊತ್ತು ಬಿಟ್ಟು, ಕಡಿಮೆ ಅಲುಗಿಸಿದರೆ ರವೆ ಎದ್ದು ಕಾಣುತ್ತದೆ, ಅಂಚು ಚುರುಕಾಗುತ್ತದೆ. ಕಪ್ಪಾಗುವ ಕಡೆ ಡೆವಲಪರ್ ಬೇಗ ಸವೆಯುತ್ತದೆ, ಪಕ್ಕದ ತೆಳು ಭಾಗದಲ್ಲಿ ಹಾಗೇ ಉಳಿದಿರುತ್ತದೆ; ಗಡಿಯಲ್ಲಿ ಎರಡೂ ಒಂದಕ್ಕೊಂದು ಹರಿದು, ಕಪ್ಪಿನ ಅಂಚು ಇನ್ನೂ ಕಪ್ಪು, ತೆಳುವಿನ ಅಂಚು ಇನ್ನೂ ತೆಳು ಆಗುತ್ತದೆ. ನೋಡುವ ಕಣ್ಣಿಗೆ ‘ಎಷ್ಟು ಶಾರ್ಪ್’ ಎನಿಸುತ್ತದೆ. ಆದರೆ ಆ ಗೆರೆ ಮುಖದಲ್ಲಿ ಇರಲಿಲ್ಲ, ರಸಾಯನ ಎಳೆದದ್ದು. ಖಡಕ್ಕಾಗಿ ಮಾತಾಡುವವರನ್ನು ಸತ್ಯವಂತರೆಂದು ನಂಬುವ ನಮ್ಮ ರೂಢಿ ನನಗೆ ಇಲ್ಲಿ ನೆನಪಾಗುತ್ತದೆ. ನಮ್ಮ ಸ್ಟಾಫ್ ರೂಮಿನಲ್ಲೂ ಅಂಥ ಒಬ್ಬಿಬ್ಬರಿದ್ದಾರೆ.

ಕುರುಗೋಡಿನ ಗುಡ್ಡದ ಬಂಡೆಗಳನ್ನು ಅಣ್ಣ ಹೀಗೆ ನೀರು ಬೆರೆಸಿಯೇ ತೊಳೆಯುತ್ತಿದ್ದ. ಕಲ್ಲಿನ ಕಣಕ್ಕೂ ಫಿಲ್ಮಿನ ಕಣಕ್ಕೂ ಅಲ್ಲಿ ಜಗಳವಿರಲಿಲ್ಲ. ಮುಖಕ್ಕೆ ಬಂದಾಗಲೇ ತಕರಾರು.

1985ರಲ್ಲಿ ಸಿರುಗುಪ್ಪದ ನಮ್ಮ ದೊಡ್ಡಮ್ಮ ಮಗಳ ಫೋಟೋ ತೆಗೆಸಲು ನಮ್ಮ ಮನೆಗೆ ಬಂದಳು. ವರನ ಕಡೆಯವರಿಗೆ ಕಳಿಸುವುದಕ್ಕೆ. ಅಕ್ಕನಿಗೆ ಚಿಕ್ಕಂದಿನಲ್ಲಿ ಸಿಡುಬು ಎದ್ದು ಮುಖದ ತುಂಬ ಕಲೆ. 1975ರ ನಂತರ ನಮ್ಮ ದೇಶದಲ್ಲಿ ಸಿಡುಬು ಕಾಣಲಿಲ್ಲ, ಆದರೆ ಅದು ಬಿಟ್ಟುಹೋದ ಮುಖಗಳು ಆಗ ಮದುವೆಯ ವಯಸ್ಸಿಗೆ ಬಂದಿದ್ದವು. ಬಾಗಿಲ ಪಕ್ಕದ ಬೆಳಕಿನಲ್ಲಿ ಅಣ್ಣ ನಾಲ್ಕು ಫೋಟೋ ತೆಗೆದ.

“ಕಲೆ ಕಾಣದಂಗ ತೊಳಿಯಪ್ಪ” ಎಂದಳು ದೊಡ್ಡಮ್ಮ.

“ತೊಳೆದ್ರ ಹೋಗಂಗಿಲ್ಲ ದೊಡ್ಡಮ್ಮ. ಪ್ರಿಂಟ್ ಹಾಕೋವಾಗ ಬೇಕಾದ್ರ ಮೆತ್ತಗ ಮಾಡ್ತೀನಿ.”

“ಹಂಗಾದ್ರ ನೆಗೆಟಿವ್ ಇಟ್ಕೋಬ್ಯಾಡ.”

ಅಣ್ಣ ಫಿಲ್ಮನ್ನು ತನ್ನ ಎಂದಿನ ಕ್ರಮದಲ್ಲೇ ತೊಳೆದ. ಮರುದಿನ ರಾತ್ರಿ ಎರಡು ಪ್ರಿಂಟ್ ಹಾಕಿದ. ಒಂದು ಇದ್ದದ್ದು ಇದ್ದಂತೆ. ಇನ್ನೊಂದಕ್ಕೆ ಎನ್ಲಾರ್ಜರಿನ ಲೆನ್ಸಿನ ಕೆಳಗೆ ತೆಳು ನೈಲಾನ್ ಬಟ್ಟೆ ಹಿಡಿದ. ನೆರಳು ಹರಡಿಕೊಂಡು ಗುಳಿಗಳು ಮಸುಕಾದವು. ಆಗಿನ ಸ್ಟುಡಿಯೋಗಳಲ್ಲಿ ದೊಡ್ಡ ನೆಗೆಟಿವ್ ಮೇಲೇ ಪೆನ್ಸಿಲ್ ಆಡಿಸಿ ಇಂಥದನ್ನು ಮುಚ್ಚುವ ಪದ್ಧತಿ ಇತ್ತು, ಅದನ್ನು ಯಾರೂ ಸುಳ್ಳು ಎನ್ನುತ್ತಿರಲಿಲ್ಲ.

ದೊಡ್ಡಮ್ಮನನ್ನು ಕೆಟ್ಟವಳನ್ನಾಗಿ ಮಾಡುವುದು ಸುಲಭ. ಆದರೆ ಅವಳು ಅಂದ ಒಂದು ಮಾತಿಗೆ ನನ್ನಲ್ಲಿ ಇವತ್ತಿಗೂ ಪೂರ್ತಿ ಉತ್ತರವಿಲ್ಲ: “ಫೋಟೋ ನೋಡಿದೋರು ಕಲೆ ನೋಡ್ತಾರ, ನನ್ನ ಮಗಳನ್ನ ನೋಡಂಗಿಲ್ಲ.” ನಿಜ. ಅಕ್ಕನ ಎದುರು ಐದು ನಿಮಿಷ ಕೂತವರಿಗೆ ಕಲೆ ಮರೆತೇ ಹೋಗುತ್ತಿತ್ತು. ಮಾತಾಡುವಾಗ ಹುಬ್ಬು ಏರಿಸುವ ರೀತಿ, ನಗು, ಇವು ಮುಂದೆ ಬರುತ್ತಿದ್ದವು. ಶಾರ್ಪ್ ಪ್ರಿಂಟಿನಲ್ಲಿ ನಗುವೂ ಕಲೆಯೂ ಒಂದೇ ತೂಕದಲ್ಲಿ ನಿಂತುಬಿಡುತ್ತವೆ, ಕಣ್ಣು ಮೊದಲು ಕಲೆಗೇ ಹೋಗುತ್ತದೆ. ಹಾಗೆ ನೋಡಿದರೆ ಮೆತ್ತನೆಯ ಪ್ರಿಂಟೇ ಅವಳಿಗೆ ಹತ್ತಿರ. ಸತ್ಯ ಎಂದರೆ ಗುಳಿಗಳ ಲೆಕ್ಕವೇ ಆಗಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಆದರೂ ನೆಗೆಟಿವ್ ಇಟ್ಟುಕೊಳ್ಳಬೇಡ ಎಂಬ ಮಾತನ್ನು ನಾನು ಒಪ್ಪಲಾರೆ. ಪ್ರಿಂಟಿನಲ್ಲಿ ಮಾಡಿದ ದಯೆಯನ್ನು ಹಿಂದಕ್ಕೆ ಪಡೆಯಬಹುದು, ಇನ್ನೊಂದು ಕಾಗದ ತೆಗೆದುಕೊಂಡರಾಯಿತು. ನೆಗೆಟಿವಿನಲ್ಲಿ ಕರಗಿಸಿದ ಅಂಚನ್ನು ಯಾವ ಎನ್ಲಾರ್ಜರೂ ವಾಪಸು ಕೊಡುವುದಿಲ್ಲ. ಯಾರಿಗೆ ಎಷ್ಟು ತೋರಿಸಬೇಕು ಎನ್ನುವುದು ಆಯಾ ಹೊತ್ತಿನ ಮಾತು. ಇದ್ದದ್ದನ್ನೇ ಇಲ್ಲವೆನಿಸುವುದು ಮುಂದೆ ಕೇಳಲು ಬರುವವರ ಬಾಯಿಯನ್ನೂ ಮುಚ್ಚಿದಂತೆ.

ಇಷ್ಟೆಲ್ಲ ಚರ್ಚೆಯಲ್ಲಿ ಅಕ್ಕನನ್ನು ಯಾರೂ ಕೇಳಿರಲಿಲ್ಲ. ಎರಡೂ ಪ್ರಿಂಟ್ ಒಣಗಿದ ಮೇಲೆ ಅವಳೇ ಎತ್ತಿಕೊಂಡು ನೋಡಿದಳು. “ಇದು ನಾನು. ಅದು ನನ್ನ ತಂಗಿ ಇದ್ದಂಗ ಐತಿ. ಎರಡೂ ಕಳಸ್ರಿ” ಎಂದಳು. ಲಕೋಟೆಯಲ್ಲಿ ಹೋದದ್ದು ಒಂದೇ, ಯಾವುದೆಂದು ಹೇಳಬೇಕಾಗಿಲ್ಲ. ಆ ಸಂಬಂಧ ಕೊಡುವ ತೆಗೆದುಕೊಳ್ಳುವ ಮಾತಿನಲ್ಲಿ ಮುರಿಯಿತು, ಮುಖದ ಮಾತೇ ಬರಲಿಲ್ಲ.

ನಮ್ಮ ಜಿಲ್ಲೆಯವರೇ ಆದ ಸಂಡೂರಿನ ಎಂ. ವೈ. ಘೋರ್ಪಡೆ (1931–2011) ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಾಡಿನ ಪ್ರಾಣಿಗಳನ್ನು ಕಪ್ಪು-ಬಿಳುಪಿನಲ್ಲಿ ಹಿಡಿದು ಹೊರದೇಶಗಳಲ್ಲೂ ಹೆಸರಾದವರು. 1983ರಲ್ಲಿ ಬಂದ ಅವರ ಪುಸ್ತಕದ ಹೆಸರು ‘ಸನ್‌ಲೈಟ್ ಅಂಡ್ ಶಾಡೋಸ್’. ಬಿಸಿಲನ್ನೂ ನೆರಳನ್ನೂ ಒಟ್ಟಿಗೆ ಹೇಳುವ ಆ ಹೆಸರು ನನಗೆ ಇಷ್ಟ. ಪ್ರಾಣಿಗಳ ಫೋಟೋದಲ್ಲಿ ಒಂದೊಂದು ರೋಮವೂ ಬಿಡಿಬಿಡಿಯಾಗಿ ಕಾಣಲಿ ಎಂದೇ ಎಲ್ಲರ ಆಸೆ. ಹುಲಿಗೆ ವರಾನ್ವೇಷಣೆ ಇಲ್ಲ, ಅದರ ಗಾಯದ ಗುರುತನ್ನು ಶೌರ್ಯ ಎನ್ನುತ್ತೇವೆ. ಹೆಣ್ಣಿನ ಮುಖದ ಗುರುತಿಗೆ ಮಾತ್ರ ನೈಲಾನ್ ಬಟ್ಟೆ ಬೇಕು.

ಈಗ ಬಟ್ಟೆಯೂ ಬೇಕಿಲ್ಲ. ಕೆಲವು ಮೊಬೈಲುಗಳು ಕ್ಲಿಕ್ಕಿಸುವ ಕ್ಷಣದಲ್ಲೇ ಮುಖವನ್ನು ನುಣ್ಣಗೆ ಮಾಡಿಬಿಡುತ್ತವೆ. ಒಳಗೆ ಉಳಿಯುವುದು ಆ ನುಣ್ಣನೆಯ ಚಿತ್ರವೊಂದೇ, ಅದರ ಹಿಂದೆ ನೆಗೆಟಿವ್ ಎಂಬುದೇ ಇಲ್ಲ. ಹೋದ ವರ್ಷ ನಮ್ಮ ಹತ್ತನೇ ತರಗತಿಯ ಗುಂಪು ಫೋಟೋದಲ್ಲಿ ನಲವತ್ತು ಮಕ್ಕಳ ಕೆನ್ನೆಯೂ ಒಂದೇ ಅಚ್ಚಿನ ಪೇಡೆಯಂತೆ ಬಂದಿತ್ತು. ಒಬ್ಬಳ ಗಲ್ಲದ ಮೇಲಿನ ಹೊಲಿಗೆಯ ಗುರುತು ಮಾಯವಾಗಿತ್ತು. ಈ ವರ್ಷ ಫೋಟೋಕ್ಕೆ ಮುಂಚೆ ಆ ಸೆಟ್ಟಿಂಗ್ ಆಫ್ ಮಾಡಿಸಿದೆ. ಇಬ್ಬರು ಹುಡುಗಿಯರು ತಮಗೆ ನುಣ್ಣನೆಯದೇ ಬೇಕು ಎಂದರು. ಅವರಿಗೆ ಬೇರೆಯಾಗಿ ಇನ್ನೊಂದು ತೆಗೆದು ಕೊಟ್ಟೆವು.