ಚಳವಳಿಯ ಜಂಗಮ ಗುಣ

ಬಾಗಲಕೋಟೆ ಜಿಲ್ಲೆಯ ಅಮೀನಗಡದಿಂದ ಕೂಡಲಸಂಗಮ ದೂರವಿಲ್ಲ. ಮಲಪ್ರಭೆ ಕೃಷ್ಣೆಯನ್ನು ಕೂಡುವ ಆ ನೆಲವನ್ನೇ ತನ್ನ ವಚನಗಳ ಅಂಕಿತದಲ್ಲಿ ಹೊತ್ತ ಬಸವಣ್ಣ ನಿಂತಲ್ಲೇ ನಿಲ್ಲುವ ಸ್ಥಾವರಕ್ಕೂ ನಡೆಯುವ ಜಂಗಮಕ್ಕೂ ಇರುವ ಭೇದವನ್ನು ಬಿಡಿಸಿ ತೋರಿದ. ನಾವು ಅದನ್ನು ಗುಡಿ ಮತ್ತು ಭಕ್ತಿಯ ಮಾತಾಗಿ ಓದಿ ಮುಗಿಸುತ್ತೇವೆ. ಆದರೆ ಅದರೊಳಗೆ ಇರವಿನ ಬಗೆಗಿನ ಆಳವಾದ ಪ್ರಶ್ನೆಯೊಂದಿದೆ: ಯಾವುದೇ ಒಂದರ ತನ್ನತನ ಅದು ತಳೆದ ಆಕಾರದಲ್ಲಿದೆಯೋ, ಅದರ ನಡೆಯಲ್ಲಿದೆಯೋ? ನಡೆಯಲ್ಲಿ ಎನ್ನುವುದೇ ಜಂಗಮ ತತ್ತ್ವ. ರಾಜಕೀಯ ಚಳವಳಿಗಳ ಅಳಿವು ಉಳಿವನ್ನು ಅರಿಯಲು ಇದಕ್ಕಿಂತ ಹರಿತವಾದ ವಿಚಾರ ನನಗೆ ಕಾಣುವುದಿಲ್ಲ.

ಕರ್ನಾಟಕದ ರೈತ ಚಳವಳಿಯನ್ನೇ ನೋಡೋಣ. ಅದಕ್ಕೂ ಮಲಪ್ರಭೆಯ ನೀರೇ ಮೂಲ. ನವಿಲುತೀರ್ಥ ಅಣೆಕಟ್ಟಿನ ಕಾಲುವೆ ಹರಿದ ನರಗುಂದ, ನವಲಗುಂದಗಳಲ್ಲಿ ನೀರು ನೆಟ್ಟಗೆ ತಲುಪದ ಹೊಲಗಳ ಮೇಲೂ ಅಭಿವೃದ್ಧಿ ಕರ ಬಿತ್ತು. 1980ರ ಜುಲೈ 21ರಂದು, ಅದನ್ನು ವಿರೋಧಿಸಿದ ರೈತರ ಮೇಲೆ ಗೋಲಿಬಾರ್ ನಡೆಯಿತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂಬ ಫಲಕಗಳು ಹಳ್ಳಿಗಳಲ್ಲಿ ಎದ್ದವು. ಮುಂದಿನ ದಶಕದಲ್ಲಿ ಬೀಜದ ಒಡೆತನ ಬಹುರಾಷ್ಟ್ರೀಯ ಕಂಪನಿಗಳ ಕೈಗೆ ಹೋಗುವ ಸೂಚನೆ ಕಂಡಾಗ, ಸಂಘದ ನಾಯಕ ಎಂ. ಡಿ. ನಂಜುಂಡಸ್ವಾಮಿ ಚಳವಳಿಯ ಮುಖವನ್ನೇ ಅತ್ತ ತಿರುಗಿಸಿದರು. 1992ರಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದವರೂ, 1998ರಲ್ಲಿ ಕುಲಾಂತರಿ ಹತ್ತಿಯ ಪ್ರಯೋಗದ ಹೊಲಗಳಿಗೆ ಬೆಂಕಿಯಿಟ್ಟವರೂ ಕರ ಕಟ್ಟೆವು ಎಂದ ಸಂಘದವರೇ. ಬೇಡಿಕೆ ಪೂರ್ತಿ ಬದಲಾಗಿತ್ತು, ಆದರೆ ತನ್ನ ದುಡಿಮೆಯ ಮೇಲೆ ಬೇರೆಯವರ ಹಿಡಿತವೇಕೆ ಎಂಬ ರೈತನ ಪ್ರಶ್ನೆ ಬದಲಾಗಿರಲಿಲ್ಲ. ಹಾಗಾಗಿ ಆ ತಿರುವು ಮೂಲಕ್ಕೆ ನಿಷ್ಠೆಯೇ ಆಗಿತ್ತು.

ಹೀಗೆ ಬದಲಾಗುತ್ತ ಹೋದರೆ ಚಳವಳಿಗೆ ನೆಲೆಯೇ ಉಳಿಯದು, ಹೆಸರು, ಬಾವುಟ, ಶಿಸ್ತು ಇಲ್ಲದೆ ಯಾರನ್ನು ಒಗ್ಗೂಡಿಸುವುದು ಎಂದು ಕೇಳಬಹುದು. ನ್ಯಾಯವಾದ ಮಾತು. ಶರಣರೂ ಕುರುಹನ್ನು ಬಿಟ್ಟುಕೊಡಲಿಲ್ಲ, ಇಷ್ಟಲಿಂಗವನ್ನು ಮೈಮೇಲೆ ಧರಿಸಿದರು. ಕುರುಹು ಮನುಷ್ಯನೊಡನೆ ನಡೆಯಬೇಕು ಎಂಬುದಷ್ಟೇ ಅವರ ಹಟ. ರೈತ ಸಂಘದ ಗುರುತಾದ ಹಸಿರು ಶಾಲಿಗೂ ಈ ಮಾತು ಸಲ್ಲುತ್ತದೆ. ಇದಕ್ಕಿಂತ ಬಿರುಸಾದ ಆಕ್ಷೇಪ ಇನ್ನೊಂದಿದೆ: ಚುನಾವಣೆ ಬಂದಾಗ ಪಕ್ಷ ಬದಲಿಸುವವರೂ ನವೀಕರಣದ ಹೆಸರನ್ನೇ ಹೇಳುತ್ತಾರಲ್ಲ? ಇಲ್ಲಿ ಗುರುತಿಸುವ ಬಗೆ ಕಷ್ಟದ್ದಲ್ಲ. ಬದಲಾವಣೆಯಿಂದ ಮಾತಾಡುವ ಹಕ್ಕು ಹೊಸಬರಿಗೆ ಸಿಕ್ಕಿತೋ, ಇದ್ದ ನಾಯಕರಿಗೆ ಸ್ಥಾನ ಸಿಕ್ಕಿತೋ ಎಂದು ನೋಡಿದರೆ ಸಾಕು.

ಈ ಅಳತೆಗೆ ರೈತ ಚಳವಳಿಯೂ ಪೂರ್ತಿ ನಿಲ್ಲುವುದಿಲ್ಲ. ಜಮೀನಿಲ್ಲದ ಕೂಲಿಕಾರರ ಪ್ರಶ್ನೆಯನ್ನು ಅದು ಬದಿಗಿಟ್ಟಿತೆಂಬ ದಲಿತ ಚಳವಳಿಯ ಟೀಕೆಗೆ ಸರಿಯಾದ ಉತ್ತರ ಇನ್ನೂ ಬಂದಿಲ್ಲ. ಸಂಘ ಹಲವು ಬಣಗಳಾಗಿ ಒಡೆದಿದೆ. ಎಲ್ಲ ಬಣಗಳೂ ಶಾಲು ಉಳಿಸಿಕೊಂಡಿವೆ, ಬೆಂಬಲ ಬೆಲೆ, ಸಾಲ ಮನ್ನಾ ಎಂಬ ಬೇಡಿಕೆಗಳನ್ನೂ ಉಳಿಸಿಕೊಂಡಿವೆ. ಅವು ಬೇಕಾದ ಬೇಡಿಕೆಗಳೇ. ಆದರೆ ಅಮೀನಗಡದ ಸಂತೆಗೆ ಕುರಿ ಹೊಡೆದುಕೊಂಡು ಬರುವವನಿಗೆ ಬೇಕಾದದ್ದು ಮೇವಿನ ಗೋಮಾಳ, ಇಳಕಲ್ಲಿನ ನೇಕಾರನಿಗೆ ನೂಲಿನ ದರ, ಹುನಗುಂದದ ಎರೆಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳಿಗೆ ಸರಿಸಮ ಕೂಲಿ. ಅದರಲ್ಲೂ ಈ ಕೂಲಿಯನ್ನು ಕೊಡಬೇಕಾದವರು ಹೊಲದ ಒಡೆಯರಾದ ಸಂಘದ ಸದಸ್ಯರೇ. ತನ್ನವರನ್ನೇ ಎದುರಿಗೆ ಕೂರಿಸಿಕೊಂಡು ಆ ದರ ಗೊತ್ತುಮಾಡುವ ಸಭೆಯನ್ನು ಸಂಘ ಇನ್ನೂ ಕರೆಯಬೇಕಾಗಿದೆ.