ಬಿದ್ದ ಗೋಡೆಯೂ ಒಪ್ಪಿಕೊಂಡ ತಪ್ಪೂ

ಕೆರೆಯ ಏರಿಯು ಒಡೆದುಹೋದಾಗ ಊರಿನವರು ಮೊದಲು ದೂರುವದು ಮಳೆಯನ್ನೇ. ಮಳೆಯು ಎದುರುತ್ತರ ಕೊಡುವದಿಲ್ಲವಲ್ಲಾ! ಆದರೆ ನೀರು ಎಷ್ಟು ಬಂತೆಂಬದು ಒಂದು ಪ್ರಶ್ನೆ. ಅದನ್ನು ತಡೆಯತಕ್ಕ ಏರಿಯು ಹೇಗೆ ಕಟ್ಟಲ್ಪಟ್ಟಿತ್ತೆಂಬದು ಬೇರೊಂದು ಪ್ರಶ್ನೆ. ಈ ಎರಡನೆಯದನ್ನು ಕೇಳುವದಕ್ಕೆ ನಮಗೆ ಮನಸ್ಸು ಬಾರದಿರುವದು ಯಾಕೆ?

ಅಮೇರಿಕಾ ದೇಶದ ನ್ಯೂ ಆರ್ಲಿಯನ್ಸ್ ಎಂಬ ಪಟ್ಟಣದ ದೊಡ್ಡದೊಂದು ಭಾಗವು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. 2005ನೇ ಇಸವಿ ಆಗಸ್ಟ್ 29ರಲ್ಲಿ ಕಟ್ರಿನಾ ಎಂಬ ಚಂಡಮಾರುತವು ಬಡಿದಾಗ ಆ ಪಟ್ಟಣದ ಐದರಲ್ಲಿ ನಾಲ್ಕು ಪಾಲು ಮುಳುಗಿತು. ಆ ಬಿರುಗಾಳಿಯಿಂದ ಸಾವಿರಕ್ಕಿಂತ ಹೆಚ್ಚು ಜನರು ಸತ್ತರು. ಗಾಳಿಯು ಅತಿ ಘೋರವಾಗಿತ್ತೆಂದು ಹೇಳಿದವರುಂಟು. ಅದು ಸುಳ್ಳಲ್ಲ, ಕೆಲವು ಕಡೆಗಳಲ್ಲಿ ನೀರು ಕಟ್ಟೆಗಳನ್ನು ಮೀರಿಯೇ ಹರಿದಿತ್ತು. ಆದರೆ ಹದಿನೇಳನೆಯ ಬೀದಿಯ ಕಾಲುವೆಯಲ್ಲಿ ನೀರು ಗೋಡೆಯ ತಲೆಯನ್ನು ಮುಟ್ಟುವ ಮೊದಲೇ ಗೋಡೆಯು ಬಿತ್ತು. ಅದು ಹೇಗಂದರೆ, ನೀರಿನ ಒತ್ತಡದಿಂದ ಗೋಡೆಯು ತುಸು ವಾಲಲು ಅದರ ಬುಡಕ್ಕೂ ಮಣ್ಣಿಗೂ ನಡುವೆ ಸಂದು ಬಿಟ್ಟಿತು; ಆ ಸಂದಿನೊಳಗೆ ನೀರು ಇಳಿದು ಆಳದಿಂದ ನೂಕಿತು; ಅಡಿಯ ಮೆತ್ತನೆಯ ಜೇಡಿಮಣ್ಣು ಗೋಡೆಸಹಿತವಾಗಿ ಜಾರಿಹೋಯಿತು.

ಇದಕ್ಕಿಂತ ದುಃಖಕರವಾದದ್ದೇನಂದರೆ, 20 ವರುಷಗಳ ಮುಂಚೆ, 1985ರಲ್ಲಿ, ಆ ಗೋಡೆಗಳನ್ನು ಯೋಜಿಸಿದ ಸೈನ್ಯದ ಇಂಜಿನಿಯರರ ಇಲಾಖೆಯವರೇ ಅದೇ ಲೂಯಿಸಿಯಾನಾ ಪ್ರಾಂತದ ಮೆತ್ತನೆಯ ನೆಲದಲ್ಲಿ ಉಕ್ಕಿನ ಹಲಗೆಗಳ ಗೋಡೆಯೊಂದನ್ನು ಊರಿ, ನೀರು ತುಂಬಿಸಿ ಪರೀಕ್ಷಿಸಿದ್ದರು. ಸಂದು ಬಿಡುವ ಗುರುತುಗಳು ಆಗಲೇ ತೋರಿದ್ದವು. ಆದರೂ ಕಾಲುವೆಯ ಗೋಡೆಗಳ ಲೆಕ್ಕದಲ್ಲಿ ಅದು ಸೇರಲಿಲ್ಲ. ಕಣ್ಣು ಕಂಡದ್ದನ್ನು ಕೈ ಕಲಿಯಲಿಲ್ಲ.

2006ರಲ್ಲಿ ಆ ಇಲಾಖೆಯ ಮುಖ್ಯಾಧಿಕಾರಿಯು, ಯೋಜನೆಯಲ್ಲಿಯೇ ದೋಷವಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡರು. 2008ರಲ್ಲಿಯಾದರೋ, ನೆರೆಯಿಂದಾದ ನಷ್ಟಕ್ಕೆ ಸರಕಾರವು ಹೊಣೆಯಲ್ಲವೆಂಬ 1928ರ ಕಾಯಿದೆಯ ಮೇರೆಗೆ ನ್ಯಾಯಾಧಿಪತಿಯು ಜನರ ವ್ಯಾಜ್ಯವನ್ನು ತಳ್ಳಿಬಿಡಬೇಕಾಯಿತು. ತಳ್ಳುವಾಗಲೂ ಇಲಾಖೆಯನ್ನು ಕಠಿಣವಾಗಿ ಖಂಡಿಸಿದನು. ಹಾಗಾದರೆ ಕಾಯಿದೆಯು ಹಿಡಿಯಲಾರದವನು ತಪ್ಪನ್ನು ಒಪ್ಪುವದರಿಂದ ಪ್ರಯೋಜನವೇನು? ಮುಳುಗಿದವರ ಮನೆಯು ಅದರಿಂದ ಎದ್ದು ನಿಲ್ಲುವದಿಲ್ಲ, ನಿಜ. ಆದರೆ ತಪ್ಪೆಲ್ಲಾ ಗಾಳಿಯದೆಂದು ಹೇಳುವವನು ಅದೇ ಗೋಡೆಯನ್ನು ತುಸು ಎತ್ತರಮಾಡಿ ತಿರಿಗಿ ಕಟ್ಟುವನು. ಬುಡವನ್ನು ಅಗೆದು ನೋಡುವದಿಲ್ಲ. ಒಪ್ಪಿಕೊಂಡವರು ಕಾಲುವೆಗಳ ಬಾಯಿಗೆ ಬಾಗಿಲುಗಳನ್ನಿಟ್ಟು, ಬಿರುಗಾಳಿಯ ನೀರನ್ನು ಒಳಗೇ ಬಿಡದಿರುವ ಬೇರೆ ಉಪಾಯವನ್ನು ಹಿಡಿದರು.

ಹದಿನಾರು ವರುಷಗಳ ತರುವಾಯ, 2021ರ ಆಗಸ್ಟ್ 29ರಲ್ಲಿ, ಅದೇ ದಿವಸವೇ ಐಡಾ ಎಂಬ ಚಂಡಮಾರುತವು ಬಂತು. ಪಟ್ಟಣದ ಸುತ್ತಲಿನ ಕಟ್ಟೆಗಳು ನೀರನ್ನು ತಡೆದವು. ಅವುಗಳ ಹೊರಗಿದ್ದ ಲಾಪ್ಲಾಸ್ ಎಂಬ ನೆರೆಯೂರಿನ ಮನೆಗಳಿಗೆ ನೀರು ನುಗ್ಗಿತು. ಅವರಿಗಾಗಿ ಕಟ್ಟತಕ್ಕ ಒಡ್ಡಿನ ಕೆಲಸವು ಆಗ ಮುಗಿದಿರಲಿಲ್ಲ.