ಪಟದ ಹಿಂಬದಿಯ ಬರಹ

ಹಳೆಯ ಫೋಟೋಗಳನ್ನು ಗಣಕಯಂತ್ರದಲ್ಲಿ ತಿದ್ದಿ ಜೋಡಿಸಿಡಲು ಯಾವ ತಂತ್ರಾಂಶ ಒಳ್ಳೆಯದು ಎಂಬ ಪ್ರಶ್ನೆಯನ್ನು ನಮ್ಮ ಬಳಗದಲ್ಲಿ ಈಗ ಅನೇಕರು ಕೇಳುತ್ತಾರೆ. ನಿವೃತ್ತರಾದವರು ಕೇಳುತ್ತಾರೆ, ಊರಿನ ಮನೆ ಮಾರಿ, ಟ್ರಂಕು ತುಂಬ ಪಟಗಳನ್ನು ಮುಂಬಯಿಗೆ ತಂದು ಎಲ್ಲಿಡುವುದೆಂದು ತಿಳಿಯದವರು ಕೇಳುತ್ತಾರೆ. ಅವರಿಗೆ ಬೇಕಾದುದು ಒಂದು ಹೆಸರು, ಒಂದು ಬೆಲೆ. ಆದರೆ ಬಟ್ಟೆ ಒಗೆಯುವ ಯಂತ್ರವನ್ನು ಆರಿಸಿದಂತೆ ಇದನ್ನು ಆರಿಸಲು ಬರುವುದಿಲ್ಲ. ಈ ಪ್ರಶ್ನೆಯ ಹೊಟ್ಟೆಯಲ್ಲಿ ಇನ್ನೆರಡು ಪ್ರಶ್ನೆಗಳಿವೆ. ನಡೆದುಹೋದದ್ದನ್ನು ತಿದ್ದುವ ಹಕ್ಕು ನಮಗೆ ಎಷ್ಟಿದೆ? ನಮ್ಮ ನೆನಪನ್ನು ಯಾರ ಕೈಗೆ ಒಪ್ಪಿಸಬಹುದು?

ನನಗೆ ಪರಿಚಯದ ಮನೆಯೊಂದರಲ್ಲಿ ಹಿರಿಯರ ಷಷ್ಟ್ಯಬ್ದಿಯ ಗುಂಪು ಪಟವಿದೆ. ಹಿಂದಿನ ಸಾಲಿನಲ್ಲಿ ಆಗಿನ ಅಳಿಯ ಮಗುವನ್ನು ಎತ್ತಿಕೊಂಡು ನಿಂತಿದ್ದಾನೆ. ಆ ಮದುವೆ ಮುರಿದು ವರ್ಷಗಳಾದವು. ಮಗಳಿಗೆ ಈಗ ಬೇರೆ ಸಂಸಾರವಿದೆ. ಹಿರಿಯರು ತೀರಿಕೊಂಡ ಮೇಲೆ ಆ ಪಟವನ್ನು ದೊಡ್ಡದು ಮಾಡಿಸಿ ಹಜಾರದಲ್ಲಿ ಹಾಕಬೇಕೆಂದು ಮನೆಯಾಕೆಗೆ ಆಸೆಯಾಯಿತು. ಆತನನ್ನು ತೆಗೆದುಬಿಡು ಎಂದು ಗಣಕ ಬಲ್ಲ ಸೋದರಳಿಯನಿಗೆ ಹೇಳಿದರು. ಹುಡುಗ ಹಿಂಜರಿದ.

"ಅವರು ಅಲ್ಲಿ ನಿಂತಿದ್ದದ್ದು ನಿಜ ಅಲ್ವಾ, ಅತ್ತೆ?"

"ನಿಜಾನೇ ಕಣೋ. ಗೋಡೆ ಮೇಲೆ ಬೇಡ ಅಂದೆ, ಅಷ್ಟೆ."

ಈ ಉತ್ತರದಲ್ಲಿ ದೊಡ್ಡ ವಿವೇಕವಿದೆಯೆಂದು ನನಗೆ ತೋರುತ್ತದೆ. ಗೋಡೆ ಬೇರೆ, ಟ್ರಂಕು ಬೇರೆ. ಗೋಡೆಯ ಮೇಲೆ ದಿನ ಬೆಳಗಾದರೆ ಏನನ್ನು ನೋಡಬೇಕು ಎಂಬುದು ಮನೆಯವರ ಮನಸ್ಸಿನ ನೆಮ್ಮದಿಗೆ ಸೇರಿದ ಸಂಗತಿ. ಟ್ರಂಕಿನಲ್ಲಿರುವುದು ಹಾಗಲ್ಲ; ಅದರ ಮೇಲೆ ಇನ್ನೂ ಮಾತನಾಡಲು ಬಾರದವರ ಹಕ್ಕೂ ಇದೆ. ಆ ಪಟದಲ್ಲಿ ಮಗುವೊಂದಿದೆಯಲ್ಲ! ಎತ್ತಿಕೊಂಡವನನ್ನು ಅಳಿಸಿದರೆ ಮಗು ಗಾಳಿಯಲ್ಲಿ ತೇಲುತ್ತದೆ; ಅದನ್ನು ಮುಚ್ಚಲು ಇಂದಿನ ಯಂತ್ರ ಎಂದೂ ಇಲ್ಲದ ಇನ್ನೊಬ್ಬರ ಕೈಯನ್ನು ತಾನೇ ಸೃಷ್ಟಿಸಿ ಕೊಡುತ್ತದೆ. ತನ್ನನ್ನು ಎತ್ತಿಕೊಂಡಿದ್ದವರು ಯಾರೆಂದು ಆ ಮಗು ಮುಂದೆ ಕೇಳಿದರೆ ತೋರಿಸಲು ಮೂಲ ಪಟವಾದರೂ ಇರಬೇಡವೆ?

ಪಟ ತಿದ್ದುವ ಪಾಪ ಗಣಕದೊಂದಿಗೆ ಹುಟ್ಟಿದ್ದೇನೂ ಅಲ್ಲ. ಸೋವಿಯತ್ ಗುಪ್ತ ಪೊಲೀಸರ ಮುಖ್ಯಸ್ಥನಾಗಿದ್ದ ನಿಕೊಲಾಯ್ ಯೆಝೋವ್ ಮಾಸ್ಕೋ ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ನನ ಪಕ್ಕದಲ್ಲಿರುವ ಪಟವೊಂದು ಪ್ರಸಿದ್ಧವಾಗಿದೆ. 1940ರಲ್ಲಿ ಅವನಿಗೆ ಮರಣದಂಡನೆಯಾಯಿತು. ಪಟದಲ್ಲಿ ಅವನಿದ್ದ ಜಾಗಕ್ಕೆ ಕಾಲುವೆಯ ನೀರು ಬಂತು. ಇದು ದ್ವೇಷದ ಕೆಲಸ. ಆದರೆ 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅಗಲವಾದ ಚಿತ್ರವನ್ನು ಉದ್ದನೆಯ ಮುಖಪುಟಕ್ಕೆ ಹೊಂದಿಸಲೆಂದು ಗಿಝಾದ ಪಿರಮಿಡ್ಡುಗಳನ್ನೇ ಹತ್ತಿರ ಸರಿಸಿದಾಗ ಅದರಲ್ಲಿ ಯಾರ ಮೇಲಿನ ದ್ವೇಷವೂ ಇರಲಿಲ್ಲ. ಆದರೂ ಜನ ಆಕ್ಷೇಪಿಸಿದರು, ಆ ಪತ್ರಿಕೆ ಬಹುಕಾಲ ಆ ಮಾತನ್ನು ಕೇಳಬೇಕಾಯಿತು. ಇತ್ತ ನಮ್ಮ ಹಳೆಯ ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಸುಕ್ಕು ತೆಗೆಯುತ್ತಿದ್ದರು, ಪರದೆಯ ಮೇಲೆ ಬರೆದ ಉದ್ಯಾನದ ಮುಂದೆ ವಧೂವರರನ್ನು ನಿಲ್ಲಿಸುತ್ತಿದ್ದರು. ಅದನ್ನು ಸುಳ್ಳೆಂದು ಯಾರೂ ಕರೆಯಲಿಲ್ಲ. ಪರದೆ ಪರದೆಯೆಂದು ಎಲ್ಲರಿಗೂ ಗೊತ್ತಿತ್ತು. ಹಾಗಾದರೆ ದೋಷವಿರುವುದು ತಿದ್ದುವುದರಲ್ಲಿ ಅಲ್ಲ, ತಿದ್ದಿದ ಗುರುತನ್ನು ಅಳಿಸುವುದರಲ್ಲಿ.

ತಂತ್ರಾಂಶದ ಮೊದಲ ಪರೀಕ್ಷೆ ಇಲ್ಲಿಯೇ ಆಗಬೇಕು. 2007ರಲ್ಲಿ ಬಂದ ಅಡೋಬಿ ಲೈಟ್‌ರೂಮ್ ಆಗಲಿ, 2009ರಲ್ಲಿ ಬಂದ ಉಚಿತವಾದ ಡಾರ್ಕ್‌ಟೇಬಲ್ ಆಗಲಿ ಮೂಲ ಕಡತವನ್ನು ಮುಟ್ಟುವುದಿಲ್ಲ. 'ಬೆಳಕು ಇಷ್ಟು ಹೆಚ್ಚಿಸು, ಎಡಗಡೆ ಇಷ್ಟು ಕತ್ತರಿಸು' ಎಂಬ ಸೂಚನೆಗಳನ್ನಷ್ಟೇ ಬೇರೆಯಾಗಿ ಬರೆದಿಟ್ಟುಕೊಂಡು, ಕೇಳಿದಾಗ ಆ ಪ್ರಕಾರ ಹೊಸ ಪ್ರತಿ ತೆಗೆದುಕೊಡುತ್ತವೆ. ಬೇಡವೆನಿಸಿದರೆ ಹತ್ತು ವರ್ಷದ ಮೇಲೂ ಮೊದಲಿಗೆ ಮರಳಬಹುದು. ಗೋಡೆಯನ್ನೂ ಟ್ರಂಕನ್ನೂ ಬೇರೆ ಬೇರೆ ಇಡುವ ಗುಣ ಅವುಗಳ ರಚನೆಯಲ್ಲೇ ಇದೆ. ಮೂಲದ ಮೇಲೆಯೇ ತಿದ್ದಿ ಉಳಿಸುವ ಸಾಧನಗಳನ್ನು ಬಳಸುವವರು ಪ್ರತಿ ತೆಗೆದಿಟ್ಟುಕೊಂಡೇ ಕೈ ಹಚ್ಚುವುದು ಲೇಸು.

ಇನ್ನು ಪಟ್ಟಿ ಮಾಡುವ ಕೆಲಸ. ನಮ್ಮ ನೈಯಾಯಿಕರು ಸ್ಮೃತಿಯನ್ನು ಪ್ರಮೆಯೆಂದು ಎಣಿಸಲಿಲ್ಲ. ಅನುಭವಕ್ಕೆ ಕೊಟ್ಟ ಸ್ಥಾನವನ್ನು ನೆನಪಿಗೆ ಕೊಡಲಿಲ್ಲ. ಫೋಟೋ ಬಂದಮೇಲೆ ಆ ತೊಡಕು ಕಳೆಯಿತು, ಕಣ್ಣಿಗೆ ಕಂಡದ್ದೇ ಕಾಗದದ ಮೇಲೆ ಉಳಿಯಿತು ಎಂದು ನಾವು ಭಾವಿಸಿದೆವು. ನಿಜವಾಗಿ ಉಳಿದಿದೆಯೇ? ಹೆಸರು ಹೇಳುವವರು ಹೋದ ಮೇಲೆ ಅಜ್ಜಿಯ ತಂಗಿ ಬರಿಯ 'ಬಿಳಿ ಸೀರೆಯ ಹೆಂಗಸು' ಆಗಿಬಿಡುತ್ತಾಳೆ. ಡಿಜಿಟಲ್ ಕ್ಯಾಮೆರಾ ದಿನಾಂಕವನ್ನೂ ವೇಳೆಯನ್ನೂ ತಾನೇ ಬರೆದುಕೊಳ್ಳುತ್ತದೆ. ಆಕೆ ಯಾರೆಂದು ಬರೆಯುವುದಿಲ್ಲ. ಸ್ಕ್ಯಾನ್ ಮಾಡಿದ ಹಳೆಯ ಪಟಕ್ಕಂತೂ ಸ್ಕ್ಯಾನ್ ಮಾಡಿದ ದಿನದ ತಾರೀಖೇ ಬೀಳುವುದುಂಟು. ಅಜ್ಜ ಪಟದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟ ಎರಡು ಸಾಲು ಇಲ್ಲದಿದ್ದರೆ ಮುಂಬದಿ ಮೂಕ.

ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ ಅವರನ್ನು ಇಲ್ಲಿ ನೆನೆಯಬೇಕು. ಮದ್ರಾಸಿನಲ್ಲಿದ್ದಾಗ 1933ರಲ್ಲಿ ಅವರು ಪ್ರಕಟಿಸಿದ ಕೋಲನ್ ವರ್ಗೀಕರಣದ ಹಿಂದೆ, ಒಂದು ವಿಷಯಕ್ಕೆ ಹಲವು ಮುಖಗಳಿರುತ್ತವೆ, ದೇಶ ಕಾಲಗಳೂ ಅವುಗಳಲ್ಲಿ ಸೇರಿವೆ ಎಂಬ ವಿಚಾರವಿತ್ತು. ಪಟಗಳಿಗೂ ಈ ಮಾತು ಸಲ್ಲುತ್ತದೆ. ಮದುವೆಯ ಪಟವೊಂದನ್ನು 'ಮದುವೆ' ಎಂಬ ಕೋಶದಲ್ಲಿ ಹಾಕಿದರೆ ಉಡುಪಿಯನ್ನು ಹುಡುಕುವವನಿಗೂ ಅಜ್ಜಿಯನ್ನು ಹುಡುಕುವವನಿಗೂ ಅದು ಸಿಗದು. ಒಂದೇ ಪಟಕ್ಕೆ ಹಲವು ಗುರುತುಪದಗಳನ್ನು ಅಂಟಿಸಲು ಬರಬೇಕು. ಷಷ್ಟ್ಯಬ್ದಿಯ ಆ ಪಟಕ್ಕೆ ಸೋದರಳಿಯ ಹೆಸರು ಬರೆಯುವಾಗ 'ಅಳಿಯ' ಎಂದು ಬರೆಯಬೇಕೋ ಬೇಡವೋ ಎಂಬ ಚರ್ಚೆ ನಡೆಯಿತಂತೆ. ಪಟ ತೆಗೆದ ದಿನ ಆತ ಅಳಿಯನೇ ಆಗಿದ್ದನಾದ್ದರಿಂದ ಹಾಗೆಯೇ ಬರೆದು ಇಸವಿ ಸೇರಿಸಿದ್ದು ಸರಿಯೆಂದೇ ನನ್ನ ಅಭಿಪ್ರಾಯ.

ಹೀಗೆ ಬರೆದ ಹೆಸರುಗಳು ಎಲ್ಲಿ ಕೂರುತ್ತವೆ? ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ, ಅಂಗಡಿಯವರು ಹೇಳದ ಪ್ರಶ್ನೆ. ಗೂಗಲ್ 2004ರಲ್ಲಿ ಕೊಂಡು ಉಚಿತವಾಗಿ ಹಂಚಿದ ಪಿಕಾಸಾವನ್ನು ಎಷ್ಟೊಂದು ಮನೆಗಳಲ್ಲಿ ಬಳಸಿದರು! 2016ರಲ್ಲಿ ಅದು ನಿಂತಿತು. ಆ್ಯಪಲ್‌ನ ಅಪರ್ಚರ್ ಹುಟ್ಟಿದ್ದು 2005ರಲ್ಲಿ. ಅದನ್ನು ಕೈಬಿಡುವುದಾಗಿ 2014ರಲ್ಲಿ ಹೇಳಿದರು. ಲೈಟ್‌ರೂಮ್ ಇಂದಿಗೂ ಇದೆ, ಆದರೆ ಒಮ್ಮೆ ಹಣ ಕೊಟ್ಟು ಕೊಳ್ಳಬಹುದಾಗಿದ್ದದ್ದು 2015ರ ಆರನೆಯ ಆವೃತ್ತಿಯವರೆಗೆ. ಈಗ ಚಂದಾ ಕಟ್ಟಬೇಕು. ಚಂದಾ ನಿಂತರೆ ಪಟಗಳು ಕಾಣುತ್ತವೆ, ತಿದ್ದುವ ಕೋಣೆಗೆ ಬೀಗ ಬೀಳುತ್ತದೆ. ಗೂಗಲ್ ಫೋಟೋಸ್ 2015ರಲ್ಲಿ ಮಿತಿಯಿಲ್ಲದ ಜಾಗ ಕೊಟ್ಟು 2021ರ ಜೂನ್‌ನಿಂದ ಆ ಸೌಲಭ್ಯ ನಿಲ್ಲಿಸಿತು. ಇದರಲ್ಲಿ ಕಂಪನಿಗಳನ್ನು ದೂರಿ ಫಲವಿಲ್ಲ. ವ್ಯಾಪಾರದ ಆಯುಸ್ಸೇ ಅಷ್ಟು. ಮನೆತನದ ನೆನಪಿಗೆ ನಾವು ಬಯಸುವುದು ಮೂರು ತಲೆಮಾರಿನ ಆಯುಸ್ಸು.

ಆದ್ದರಿಂದ ಹೆಸರುಗಳು ತಂತ್ರಾಂಶದ ಸ್ವಂತ ಕಪಾಟಿನಲ್ಲಿ ಮಾತ್ರ ಇರದೆ, ಪಟದ ಕಡತದೊಳಗೇ ಕೂರುವಂತಿರಬೇಕು. ಇದಕ್ಕೆ ಎಕ್ಸ್‌ಎಂಪಿ ಎಂಬ ಎಲ್ಲರಿಗೂ ತೆರೆದ ಪದ್ಧತಿ 2001ರಿಂದ ಇದೆ. ಪಟದ ಹಿಂಬದಿಯ ಬರಹವೇ ಅದು. ಅದರಲ್ಲಿ ಯೂನಿಕೋಡ್ ಇರುವುದರಿಂದ ಕನ್ನಡದಲ್ಲೇ ಬರೆಯಬಹುದು. ಉಚಿತವಾಗಿ ದೊರೆಯುವ ಡಿಜಿಕ್ಯಾಮ್‌ಗೆ ಹಾಗೆ ಬರೆಯಲು ಹೇಳಬಹುದು. ಅದರ ಮುಖ ಅಷ್ಟು ಚೆಂದವಿಲ್ಲ, ಕಲಿಯಲು ತಾಳ್ಮೆ ಬೇಕು. ಆದರೂ ಟ್ರಂಕಿನ ಕೆಲಸಕ್ಕೆ ನಾನು ಹೇಳುವುದು ಅದನ್ನೇ. ಗೋಡೆಯ ಕೆಲಸಕ್ಕೆ ಬೇಕಾದ್ದನ್ನು ಬಳಸಿಕೊಳ್ಳಿ.

ಯಾವುದನ್ನೇ ಆರಿಸಿದರೂ ಮೊದಲು ಐದು ಪಟಗಳಿಗೆ ಕನ್ನಡದಲ್ಲಿ ಹೆಸರು ಬರೆದು, ಪೆನ್‌ಡ್ರೈವ್‌ನಲ್ಲಿ ಹಾಕಿ, ಬೇರೆ ಮನೆಯ ಬೇರೆ ತಂತ್ರಾಂಶದಲ್ಲಿ ತೆರೆದು ನೋಡಿ. ವಾಟ್ಸಾಪಿನಲ್ಲಿ ಫೋಟೋವಾಗಿ ಕಳಿಸಿ ಪರೀಕ್ಷಿಸಬೇಡಿ, ಅದು ಒಳಗಿನ ಬರಹವನ್ನು ಕಿತ್ತುಹಾಕುತ್ತದೆ. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಅಲ್ಲಿ ಅಜ್ಜಿಯ ತಂಗಿಯ ಹೆಸರು ಅಕ್ಷರವಾಗಿ ಕಂಡರೆ ಉಳಿದ ಟ್ರಂಕಿಗೆ ಕೈ ಹಾಕಬಹುದು.